ವೃದ್ಧ ಮಾತಾಪಿತೃಗಳೂ ಮನೆಯೂ

ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪಿತಾಮಹಾರ್ಜಿತವಾದ ಸ್ವತ್ತಿನಲ್ಲಿ ಮಗನಿಗೆ ಜನ್ಮದಿಂದಲೇ ಹಕ್ಕುಂಟೆಂಬುದು ಅದರ ಸಿದ್ಧಾಂತ. ತಂದೆಮಕ್ಕಳು ಒಂದೇ ಸೂರಿನಡಿ ಬಾಳಿದ ಅವಿಭಕ್ತ ಕುಟುಂಬದಲ್ಲಿ, ಮುಪ್ಪು ಬಂದಿತೆಂದು ಹಿರಿಯರು ನೆಲೆಯನ್ನು ಬದಲಾಯಿಸಬೇಕಾಗಿರಲಿಲ್ಲ. ಹೊಸ್ತಿಲಿನ ಎತ್ತರವು ಅವರ ಕಾಲಿಗೇ ತಿಳಿದಿತ್ತು.

ಉದ್ಯೋಗನಿಮಿತ್ತವಾಗಿ ಮಕ್ಕಳು ಪಟ್ಟಣಗಳನ್ನು ಸೇರಿದ ಮೇಲೆ ಈ ಕ್ರಮವು ತಲೆಕೆಳಗಾಯಿತು. ಹಿರಿಯರೇ ಮಕ್ಕಳಿರುವಲ್ಲಿಗೆ ಬರಬೇಕಾಯಿತು. ಶಾಸನವೂ ಇದನ್ನು ತಡವಾಗಿ ಕಂಡಿತು. 1898ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶವು ಹೆಂಡತಿಮಕ್ಕಳಿಗೆ ಮಾತ್ರ ವಿಹಿತವಾಗಿತ್ತು. 1973ರ ಸಂಹಿತೆಯು ತಂದೆತಾಯಿಗಳನ್ನೂ ಸೇರಿಸಿತು. 2007ರಲ್ಲಿ ಹಿರಿಯರ ಪೋಷಣೆಗಾಗಿಯೇ ಆದ ಅಧಿನಿಯಮವು ಅನ್ನ, ವಸ್ತ್ರ, ವಸತಿ, ಚಿಕಿತ್ಸೆಗಳನ್ನು ಜೀವನಾಂಶದಲ್ಲಿ ಎಣಿಸಿತು.

ಆದರೆ ಶಾಸನವು ಹೇಳುವ ವಸತಿಯನ್ನು ಮನೆಯಾಗಿ ಮಾಡುವ ಹೊಣೆ ಮಕ್ಕಳದು. ಮೆಟ್ಟಿಲು ಹತ್ತಬೇಕಿಲ್ಲದ ಕೋಣೆ, ಜಾರದ ಬಚ್ಚಲು, ಗೋಡೆಗೊಂದು ಹಿಡಿಕೆ, ರಾತ್ರಿಯೆಲ್ಲ ಉರಿಯುವ ಸಣ್ಣ ದೀಪ, ಇವು ಅವರು ಬರುವುದಕ್ಕೆ ಮುಂಚೆಯೇ ಸಿದ್ಧವಾಗಿರತಕ್ಕವು. ಬಿದ್ದ ಮೇಲೆ ಹಾಕಿಸಿದ ಹಿಡಿಕೆಯಿಂದ ಮುರಿದ ಎಲುಬು ಕೂಡುವುದಿಲ್ಲವಷ್ಟೆ. ಇದಕ್ಕಿಂತಲೂ ಮುಖ್ಯವಾದುದೊಂದುಂಟು. ತಮ್ಮ ಮನೆಯಲ್ಲಿ ಯಜಮಾನರಾಗಿ ಬಾಳಿದವರು ಮಗನ ಮನೆಯಲ್ಲಿ ಅತಿಥಿಗಳಾಗಿ ಕುಗ್ಗಬಾರದು. ದೇವರ ಪೀಠವೆಲ್ಲಿ, ಊಟವೆಷ್ಟು ಹೊತ್ತಿಗೆ ಎಂಬುದನ್ನು ಅವರನ್ನೇ ಕೇಳಿ ನಿಶ್ಚಯಿಸುವ ಮನೆಯೇ ಅವರಿಗಾಗಿ ಅಣಿಯಾದ ಮನೆ.