ಬೆಲ್ಟ್ ತುಂಬಿ ನಿಂತಾಗ

1993ರಲ್ಲಿ ಜರ್ಮನಿಯ ಬ್ಲೂ ಬೈಟ್ ಸಂಸ್ಥೆ ‘ದಿ ಸೆಟ್ಲರ್ಸ್’ ಎಂಬ ಆಟವನ್ನು ಅಮಿಗಾ ಕಂಪ್ಯೂಟರಿಗೆ ತಂದಿತು. ರೂಪಿಸಿದವನು ಫೋಲ್ಕರ್ ವೆರ್ಟಿಷ್. ಹೆಸರಿಗೆ ಅದು ರಾಜ್ಯ ಕಟ್ಟುವ ಆಟ. ನನ್ನ ಕಣ್ಣಿಗೆ ಮಾತ್ರ ಅದು ಮಾಲು ಸಾಗಿಸುವ ಆಟ. ಮರ ಕಡಿಯುವವನ ಗುಡಿಸಲಿನಿಂದ ಕೊಯ್ಯುವ ಮಿಲ್ಲಿಗೆ, ಗಣಿಯಿಂದ ಕುಲುಮೆಗೆ ರಸ್ತೆ ಹಾಕಬೇಕು. ರಸ್ತೆಯುದ್ದಕ್ಕೂ ಬಾವುಟಗಳನ್ನು ನೆಡಬೇಕು. ಎರಡು ಬಾವುಟಗಳ ನಡುವಿನ ತುಂಡು ದಾರಿಗೆ ಒಬ್ಬ ಹೊರೆಯಾಳು. ಅವನು ಒಂದು ಸಲಕ್ಕೆ ಒಂದೇ ವಸ್ತು ಹೊತ್ತು ಮುಂದಿನ ಬಾವುಟದ ಬಳಿ ಇಳಿಸಿ ವಾಪಸ್ ಬರುತ್ತಾನೆ. ತುಂಡು ಉದ್ದವಾದರೆ ಅವನು ನಡೆಯುವುದೂ ಹೆಚ್ಚು, ಹಿಂದಿನ ಬಾವುಟದ ಬುಡದಲ್ಲಿ ಹಲಗೆ, ಕಲ್ಲು, ಕಲ್ಲಿದ್ದಲು ರಾಶಿ ಬೀಳುವುದೂ ಹೆಚ್ಚು. ಗಣಿಯಲ್ಲಿ ಅದಿರು ಬೇಕಾದಷ್ಟಿರುತ್ತದೆ, ಕುಲುಮೆ ಖಾಲಿ ಇರುತ್ತದೆ. ಕಾರಣ ಗಣಿಯಲ್ಲೂ ಇಲ್ಲ, ಕುಲುಮೆಯಲ್ಲೂ ಇಲ್ಲ. ನಡುವಿನ ಬಾವುಟದ ಬುಡದಲ್ಲಿ ಇದೆ.

ಪೀಣ್ಯದ ಬಿಡಿಭಾಗಗಳ ಘಟಕಗಳಲ್ಲಿ ಲೈನ್ ಬ್ಯಾಲೆನ್ಸಿಂಗ್ ಮಾಡುತ್ತಲೇ ತಲೆ ನರೆತವನು ನಾನು. ಸ್ಟಾಪ್‌ವಾಚ್ ಹಿಡಿದು ಸ್ಟೇಷನ್ ಸ್ಟೇಷನ್ನಿನ ಮುಂದೆ ನಿಲ್ಲುವುದು, ಎಲ್ಲಿ ಮಾಲು ಕಟ್ಟಿಕೊಳ್ಳುತ್ತಿದೆ, ಯಾವ ಮೆಷಿನ್ ಕೆಲಸವಿಲ್ಲದೆ ಕಾಯುತ್ತಿದೆ ಎಂದು ಬರೆದುಕೊಳ್ಳುವುದು ನನ್ನ ಕಸುಬು. ಮಾಲು ನಿಂತ ಜಾಗ ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹಾಗಾಗಿ ಕಾರ್ಖಾನೆ ಕಟ್ಟುವ ಆಟಗಳ ಚರಿತ್ರೆಯನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ: ನಿಂತ ಮಾಲನ್ನು ಈ ಆಟ ಎಷ್ಟು ಚೆನ್ನಾಗಿ ತೋರಿಸುತ್ತದೆ?

1994ರಲ್ಲಿ ಕ್ರಿಸ್ ಸಾಯರ್ ಮಾಡಿದ ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಇದನ್ನು ರೈಲಿನ ಮೂಲಕ ತೋರಿಸಿತು. ಸಿಗ್ನಲ್ ತಪ್ಪಾದ ಜಾಗದಲ್ಲಿ ನಿಂತರೆ ಕಲ್ಲಿದ್ದಲಿನ ಗಾಡಿಗಳು ಒಂದರ ಹಿಂದೊಂದು ಸಾಲುಗಟ್ಟುತ್ತಿದ್ದವು. ಅಲ್ಲಿ ತಯಾರಿಕೆ ಮಾತ್ರ ಕಟ್ಟಡದ ಗೋಡೆಯೊಳಗೇ ನಡೆದುಹೋಗುತ್ತಿತ್ತು; ಆಡುವವನ ಕೈ ಅಲ್ಲಿಗೆ ತಲುಪುತ್ತಿರಲಿಲ್ಲ.

ಗೋಡೆಯೊಳಕ್ಕೆ ಕೈ ಹಾಕಿಸಿದವನು ಅಮೆರಿಕದ ಝ್ಯಾಕ್ ಬಾರ್ಥ್. ಅವನ ‘ಸ್ಪೇಸ್‌ಕೆಮ್’ 2011ರ ಜನವರಿಯಲ್ಲಿ ಬಂತು. ಅಣುಗಳನ್ನು ಎತ್ತಿ, ತಿರುಗಿಸಿ, ಬೆಸೆದು ಕೊಡುವ ಎರಡು ಕೈಗಳ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ನಾವೇ ಬರೆಯಬೇಕು. ಲೆಕ್ಕ ಬಿಡಿಸಿದ ಮೇಲೆ ಒಂದು ನಕ್ಷೆ ಮೂಡುತ್ತದೆ: ಇದೇ ಲೆಕ್ಕವನ್ನು ಮಿಕ್ಕವರು ಎಷ್ಟು ಸೈಕಲ್‌ಗಳಲ್ಲಿ, ಎಷ್ಟು ಸಂಕೇತಗಳಲ್ಲಿ, ಎಷ್ಟು ರಿಯಾಕ್ಟರುಗಳಲ್ಲಿ ಮುಗಿಸಿದರು, ಅವರ ನಡುವೆ ನೀನೆಲ್ಲಿದ್ದೀಯ ಎಂದು. ಇದನ್ನು ದೊಡ್ಡ ಆವಿಷ್ಕಾರ ಎಂದೇ ನಾನು ಎಣಿಸುತ್ತೇನೆ. ಸರಿ ಉತ್ತರ ಒಂದೇ ಅಲ್ಲ, ವೇಗಕ್ಕೆ ಒಂದು ಉತ್ತರ, ಜಾಗ ಉಳಿಸಲು ಬೇರೊಂದು ಉತ್ತರ ಎಂಬ ಮಾತನ್ನು ಕಾಲೇಜಿನಲ್ಲಿ ನಮಗೆ ಯಾರೂ ಇಷ್ಟು ನೇರವಾಗಿ ಹೇಳಿಕೊಡಲಿಲ್ಲ. ಇದೇ ಬಾರ್ಥ್ 2009ರಲ್ಲಿ ‘ಇನ್ಫಿನಿಮೈನರ್’ ಎಂಬ ಅಗೆಯುವ ಆಟ ಮಾಡಿದ್ದ. ಅದನ್ನು ನೋಡಿ ಪ್ರೇರಣೆ ಪಡೆದದ್ದು ‘ಮೈನ್‌ಕ್ರಾಫ್ಟ್’. ಮೈನ್‌ಕ್ರಾಫ್ಟಿಗೆ ಅಭಿಮಾನಿಗಳೇ ಜೋಡಿಸಿದ ‘ಇಂಡಸ್ಟ್ರಿಯಲ್‌ಕ್ರಾಫ್ಟ್’ ಮತ್ತು ‘ಬಿಲ್ಡ್‌ಕ್ರಾಫ್ಟ್’ ಎಂಬ ಮಾಡ್‌ಗಳಿಂದ ಮುಂದಿನ ಕತೆ ಹುಟ್ಟಿತು. ಬಿಲ್ಡ್‌ಕ್ರಾಫ್ಟಿನಲ್ಲಿ ಮಾಲು ಪೈಪಿನೊಳಗೆ ಹರಿಯುತ್ತಿತ್ತು. ತುದಿಯಲ್ಲಿ ಜಾಗವಿಲ್ಲದಿದ್ದರೆ ಪೈಪಿನಿಂದ ಹೊರಚಿಮ್ಮಿ ನೆಲಕ್ಕೆ ಬೀಳುತ್ತಿತ್ತು. ತಪ್ಪು ಕಾಣುತ್ತಿತ್ತು ನಿಜ, ಆದರೆ ಮಾಲು ಹಾಳಾದ ಮೇಲೆ.

ಚೆಕ್ ದೇಶದ ಮಿಖಾಲ್ ಕೊವಾರ್ಜೀಕ್ ಈ ಮಾಡ್‌ಗಳನ್ನು ಆಡಿದವನು. 2012ರಲ್ಲಿ ‘ಫ್ಯಾಕ್ಟೋರಿಯೊ’ ಕೆಲಸ ಶುರುಮಾಡಿದ. ಮರುವರ್ಷ ಇಂಡಿಗೋಗೊ ತಾಣದಲ್ಲಿ ಜನರಿಂದಲೇ ಸಣ್ಣ ಮೊತ್ತ ಕೂಡಿತು; ಪ್ರಾಗ್ ನಗರದಲ್ಲಿ ವೂಬೆ ಎಂಬ ಸಂಸ್ಥೆಯಾಯಿತು. ಪೈಪಿನ ಜಾಗಕ್ಕೆ ಅವರು ತೆರೆದ ಕನ್ವೇಯರ್ ಬೆಲ್ಟ್ ತಂದರು. ಬೆಲ್ಟಿಗೆ ಎರಡು ಸಾಲು, ಮೇಲಿರುವ ಪ್ರತಿ ತಗಡೂ ಕಾಣುತ್ತದೆ. ತುದಿಯಲ್ಲಿ ತೆಗೆದುಕೊಳ್ಳುವವರಿಲ್ಲದಿದ್ದರೆ ಮಾಲು ಚೆಲ್ಲುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಅದರ ಹಿಂದಿನದೂ ನಿಲ್ಲುತ್ತದೆ. ಹೀಗೆ ನಿಲುಗಡೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಕುಲುಮೆಗಳವರೆಗೆ, ಕೊನೆಗೆ ಗಣಿಯ ಯಂತ್ರದವರೆಗೆ ಹೋಗುತ್ತದೆ. ಬೆಲ್ಟಿನಿಂದ ಯಂತ್ರಕ್ಕೆ ಮಾಲು ಎತ್ತಿಡುವ ಸಣ್ಣ ಕೈಗೆ ಇನ್ಸರ್ಟರ್ ಎಂದು ಹೆಸರು. ಅದು ಯಂತ್ರದ ಹೊಟ್ಟೆ ಬಿರಿಯುವಷ್ಟು ತುಂಬುವುದಿಲ್ಲ. ಮುಂದಿನ ಒಂದೆರಡು ಸುತ್ತಿಗೆ ಸಾಕಾಗುವಷ್ಟು ಇಟ್ಟು ಸುಮ್ಮನಾಗುತ್ತದೆ.

ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಟೊಯೊಟಾದ ತಾಯಿಚಿ ಓನೊ ಯುದ್ಧಾನಂತರದ ಜಪಾನಿನಲ್ಲಿ ವರ್ಷಗಟ್ಟಲೆ ಹೆಣಗಿ ಕಟ್ಟಿದ್ದು ಇದೇ ತತ್ವವನ್ನು. ಅಮೆರಿಕದ ಸೂಪರ್‌ಮಾರ್ಕೆಟ್‌ಗಳ ಕಪಾಟು ಅವನಿಗೆ ಮಾದರಿ: ಗಿರಾಕಿ ತೆಗೆದಷ್ಟನ್ನೇ ಮತ್ತೆ ತುಂಬಬೇಕು. ಹಿಂದಿನ ಸ್ಟೇಷನ್ ತಯಾರಿಸಿ ಮುಂದಕ್ಕೆ ತಳ್ಳುವುದಲ್ಲ, ಮುಂದಿನ ಸ್ಟೇಷನ್ ಬೇಕೆಂದಾಗ ಎಳೆದುಕೊಳ್ಳುವುದು. ಅದಕ್ಕೆ ಇಷ್ಟು ಮಾಲು ಬೇಕು ಎಂದು ಹಿಂದಿನ ಸ್ಟೇಷನ್ನಿಗೆ ಹೇಳುವ ಕಾನ್ಬನ್ ಎಂಬ ಚೀಟಿ ಬೇಕಾಯಿತು, ಶಿಸ್ತು ಬೇಕಾಯಿತು. 1990ರ ದಶಕದ ಕೊನೆಗೆ ಟೊಯೊಟಾ ಬಿಡದಿಗೆ ಬಂದಾಗ ನಮ್ಮ ಕಡೆಯ ಸಣ್ಣ ಘಟಕಗಳಲ್ಲೂ ಆ ಚೀಟಿಗಳ ಮಾತು ಹಬ್ಬಿತ್ತು. ಕಾರ್ಡು ಹಂಚುವುದು ಸುಲಭ. ಕಾರ್ಡು ಬಾರದೆ ಮೆಷಿನ್ ಓಡಿಸಬೇಡ ಎಂದು ಅನುಭವಸ್ಥ ಆಪರೇಟರಿಗೆ ಒಪ್ಪಿಸುವುದು ಕಷ್ಟ. ಸುಮ್ಮನೆ ನಿಂತ ಮೆಷಿನ್ ಎಂದರೆ ಸೋಮಾರಿತನ ಎಂದೇ ಎಲ್ಲರಿಗೂ ಕಲಿಸಿಟ್ಟಿತ್ತು. ಫ್ಯಾಕ್ಟೋರಿಯೊದಲ್ಲಿ ಚೀಟಿಯ ಕೆಲಸವನ್ನು ತುಂಬಿ ನಿಂತ ಬೆಲ್ಟೇ ಮಾಡುತ್ತದೆ.

ಆಟದ ಪ್ರಸಿದ್ಧ ಲೆಕ್ಕ ಹಸಿರು ಸರ್ಕ್ಯೂಟಿನದು. ಒಂದು ಸರ್ಕ್ಯೂಟಿಗೆ ಒಂದು ಕಬ್ಬಿಣದ ತಗಡು, ಮೂರು ತಾಮ್ರದ ತಂತಿ. ಒಂದು ತಾಮ್ರದ ತಗಡಿನಿಂದ ಎರಡು ತಂತಿ. ಎರಡೂ ಕೆಲಸಕ್ಕೆ ತಗಲುವ ಹೊತ್ತು ಒಂದೇ, ಅರ್ಧ ಸೆಕೆಂಡು. ಆಟದ ಮೊದಲ ಹಂತದ ಯಂತ್ರ ಅರ್ಧ ವೇಗದಲ್ಲಿ ಓಡುವುದರಿಂದ ಅದು ಒಂದು ಸೆಕೆಂಡಾಗುತ್ತದೆ. ಸರ್ಕ್ಯೂಟಿನ ಎರಡು ಯಂತ್ರಗಳಿಗೆ ಸೆಕೆಂಡಿಗೆ 6 ತಂತಿ ಬೇಕು. ತಂತಿಯ ಯಂತ್ರ ಕೊಡುವುದು 2. ಹಾಗಾದರೆ ತಂತಿಗೆ ಮೂರು ಯಂತ್ರ, ಸರ್ಕ್ಯೂಟಿಗೆ ಎರಡು. ಮೂರಕ್ಕೆ ಎರಡು ಎಂಬ ಈ ಅನುಪಾತ ಆಡುವವರಿಗೆಲ್ಲ ಬಾಯಿಪಾಠ. ಇನ್ನೊಂದು ಲೆಕ್ಕ ಕುಲುಮೆಗಳದು: ಹಳದಿ ಬೆಲ್ಟ್ ಸೆಕೆಂಡಿಗೆ 15 ವಸ್ತು ಸಾಗಿಸುತ್ತದೆ, ಕಲ್ಲಿನ ಕುಲುಮೆ 3.2 ಸೆಕೆಂಡಿಗೆ ಒಂದು ತಗಡು ಕೊಡುತ್ತದೆ. ಒಂದು ಬೆಲ್ಟ್ ಪೂರ್ತಿ ತುಂಬಲು 48 ಕುಲುಮೆ, ಬೆಲ್ಟಿನ ಆಚೆ 24, ಈಚೆ 24. ಆ ಎರಡು ಸಾಲು ಕುಲುಮೆಗಳ ಚಿತ್ರ ನೋಡಿದರೆ ಸಾಕು, ಆಡಿದವರು ಗುರುತಿಸುತ್ತಾರೆ.

ಈ ಲೆಕ್ಕಗಳಿಂದ ಆಟಗಾರರು ತಮ್ಮದೇ ವಿನ್ಯಾಸದ ಪದ್ಧತಿಗಳನ್ನು ಬೆಳೆಸಿಕೊಂಡರು. ಮೊದಮೊದಲು ಸಿಕ್ಕಿದ ಕಡೆ ಬೆಲ್ಟ್ ಎಳೆದು ಸಿಕ್ಕುಸಿಕ್ಕಾದ ಕಾರ್ಖಾನೆಗೆ ಸ್ಪಾಗೆಟಿ ಎಂದರು. ಅದಕ್ಕೆ ಮದ್ದಾಗಿ ಮೇನ್ ಬಸ್ ಬಂತು: ಕಬ್ಬಿಣ, ತಾಮ್ರ, ಉಕ್ಕು, ಸರ್ಕ್ಯೂಟುಗಳ ಬೆಲ್ಟುಗಳನ್ನು ನಾಲ್ಕು ನಾಲ್ಕರ ಕಟ್ಟಾಗಿ ನಡುವೆ ನೇರ ಹರಿಸಿ, ಬೇಕಾದ ಕಡೆ ಪಕ್ಕಕ್ಕೆ ಕವಲು ತೆಗೆಯುವುದು. ನಾಲ್ಕು ಬೆಲ್ಟುಗಳ ಮಾಲನ್ನು ಸಮನಾಗಿ ಹಂಚಲು ಬ್ಯಾಲೆನ್ಸರ್ ಎಂಬ ಜಾಣ ಜೋಡಣೆಗಳಾದವು. ಹೇಳಿಕೊಟ್ಟ ಕಂಪನಿಯಿಲ್ಲ, ಕೈಪಿಡಿಯಿಲ್ಲ. ಒಬ್ಬ ಕಂಡುಹಿಡಿದದ್ದನ್ನು ಇನ್ನೊಬ್ಬ ತಿದ್ದಿ, ಮೂರನೆಯವನು ಚಿಕ್ಕದು ಮಾಡಿ ಬೆಳೆದ ಕಸುಬು ಇದು. ಇದನ್ನು ಮಕ್ಕಳಾಟ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಶಾಪಿಫೈ ಕಂಪನಿಯ ಮುಖ್ಯಸ್ಥ ಟೋಬಿ ಲುಟ್ಕೆ ತನ್ನ ನೌಕರರು ಈ ಆಟ ಕೊಂಡರೆ ಕಂಪನಿಯೇ ದುಡ್ಡು ಕೊಡುತ್ತದೆ ಎಂದು ಬಹಿರಂಗವಾಗಿ ಹೇಳಿದ್ದಾನೆ.

ನಮ್ಮಲ್ಲಿಗೆ ಟ್ರೈನಿಯಾಗಿ ಬಂದಿದ್ದ ಹಾಸನದ ಕಡೆಯ ಡಿಪ್ಲೊಮಾ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತೆರೆದು ತನ್ನ ಕಾರ್ಖಾನೆ ತೋರಿಸಿದ. “ಸರ್, ಬೆಲ್ಟೆಲ್ಲ ತುಂಬಿ ನಿಂತ್ಬಿಟ್ಟಿದೆ. ಎಲ್ಲೋ ಲೈನ್ ಕೆಟ್ಟಿದೆ.”

“ಕೆಟ್ಟಿಲ್ಲಪ್ಪಾ. ಬೆಲ್ಟ್ ತುಂಬಿದೆ ಅಂದ್ರೆ ಆ ಮಾಲು ಸಾಕಾಗ್ತಿದೆ ಅಂತ. ಖಾಲಿ ಓಡ್ತಿರೋ ಬೆಲ್ಟ್ ಯಾವ್ದು, ಅದನ್ನ ತೋರಿಸು.”

ಖಾಲಿ ಬೆಲ್ಟ್ ಅವನಿಗೆ ಬೇಗ ಸಿಗಲಿಲ್ಲ. ಪ್ರತಿ ಹಂತದ ನಡುವೆಯೂ ಅವನೊಂದು ಪೆಟ್ಟಿಗೆ ಇಟ್ಟಿದ್ದ, ಇರಲಿ ಅಂತ. ಗೇರುಗಳು ಸಾಲದೆ ಇದ್ದರೂ ಪೆಟ್ಟಿಗೆಯಲ್ಲಿದ್ದ ಹಳೆಯ ದಾಸ್ತಾನು ಮುಂದಿನ ಯಂತ್ರವನ್ನು ಗಂಟೆಗಟ್ಟಲೆ ಸಾಕಿತ್ತು. ಪೆಟ್ಟಿಗೆ ಬರಿದಾದಾಗ ಎಲ್ಲ ಒಟ್ಟಿಗೆ ನಿಂತಂತೆ ಕಂಡಿತು. ಪೆಟ್ಟಿಗೆಗಳನ್ನು ತೆಗೆಸಿದೆ. ಸ್ವಲ್ಪ ಹೊತ್ತಿಗೆ ಗೇರಿನ ಬೆಲ್ಟಿನ ಮೇಲೆ ಮಾರುದ್ದಕ್ಕೊಂದು ಗೇರು ಹೋಗುತ್ತಿರುವುದು ಕಾಣಿಸಿತು. ಆಮೇಲೆ ಅವನನ್ನು ಶಾಪ್ ಫ್ಲೋರಿಗೆ ಕರೆದುಕೊಂಡು ಹೋಗಿ, ಗ್ರೈಂಡಿಂಗಿಗೂ ಹೋನಿಂಗಿಗೂ ನಡುವೆ ಆಳೆತ್ತರ ಪೇರಿಸಿದ ಬಿನ್‌ಗಳನ್ನು ತೋರಿಸಿದೆ. ಏನೂ ವಿವರಿಸಬೇಕಾಗಲಿಲ್ಲ. “ಇದೂ ಪೆಟ್ಟಿಗೇನೇ ಅಲ್ವಾ ಸರ್” ಎಂದ. ದಾಸ್ತಾನು ತಪ್ಪನ್ನು ಮುಚ್ಚಿಡುತ್ತದೆ ಎಂಬುದನ್ನು ನಾನು ಎಷ್ಟೋ ತರಬೇತಿಗಳಲ್ಲಿ ಸ್ಲೈಡ್ ಹಾಕಿ ಹೇಳಿದ್ದೇನೆ. ಇಷ್ಟು ಬೇಗ ಯಾರ ತಲೆಗೂ ಹೋಗಿರಲಿಲ್ಲ.

ಒಂದು ವ್ಯತ್ಯಾಸ ಹೇಳಲೇಬೇಕು. ಆಟದಲ್ಲಿ ಬೆಲ್ಟಿನ ಮೇಲೆ ನಿಂತ ಸಾವಿರಾರು ತಗಡಿಗೆ ಬಡ್ಡಿ ಕಟ್ಟಬೇಕಾಗಿಲ್ಲ. ಪೀಣ್ಯದಲ್ಲಿ ಕಟ್ಟಬೇಕು, ಬ್ಯಾಂಕಿನಿಂದ ತಂದ ದುಡ್ಡು ಆ ಬಿನ್‌ಗಳಲ್ಲಿ ಕೂತಿರುತ್ತದೆ. ಆದ್ದರಿಂದ ತುಂಬಿದ ಬೆಲ್ಟನ್ನು ನಾವು ಗೆಲುವೆಂದು ಎಣಿಸುವಂತಿಲ್ಲ, ಎಷ್ಟು ಚಿಕ್ಕ ಬೆಲ್ಟ್ ಸಾಕು ಎಂದು ಕೇಳಿಕೊಳ್ಳಬೇಕು.

ಫ್ಯಾಕ್ಟೋರಿಯೊ ಸ್ಟೀಮ್ ಎಂಬ ಆಟ ಮಾರುವ ತಾಣಕ್ಕೆ ಬಂದದ್ದು 2016ರ ಫೆಬ್ರವರಿಯಲ್ಲಿ. ಮುಗಿದ ಆವೃತ್ತಿ 2020ರ ಆಗಸ್ಟ್ 14ರಂದು. ಸೆಪ್ಟೆಂಬರಿಗೆ ಗೊತ್ತುಮಾಡಿದ್ದನ್ನು ‘ಸೈಬರ್‌ಪಂಕ್ 2077’ ಎಂಬ ಭಾರಿ ಆಟದ ದಿನಕ್ಕೆ ತಾಗಬಾರದೆಂದು ಮುಂಚಿತವಾಗಿಯೇ ತಂದರು. ಈ ನಡುವೆ ತಯಾರಕರಿಗೇ ಒಂದು ಲೈನ್ ಸಮಸ್ಯೆ ಎದುರಾಯಿತು. ಆಟಗಾರರು ಮೆಗಾಬೇಸ್ ಎಂಬ ದೈತ್ಯ ಕಾರ್ಖಾನೆಗಳನ್ನು ಕಟ್ಟತೊಡಗಿದಾಗ ಕೊರತೆ ಅದಿರಿನದಾಗಿ ಉಳಿಯಲಿಲ್ಲ, ಕಂಪ್ಯೂಟರಿನದಾಯಿತು. ಆಟ ಸೆಕೆಂಡಿಗೆ 60 ಸಲ ಇಡೀ ಕಾರ್ಖಾನೆಯನ್ನು ಲೆಕ್ಕ ಹಾಕಬೇಕು, ಬೆಲ್ಟಿನ ಮೇಲಿನ ಪ್ರತಿ ವಸ್ತುವನ್ನೂ ಒಂದೊಂದಾಗಿ ಸರಿಸಬೇಕು. 2017ರಲ್ಲಿ ವೂಬೆಯವರು ಅದನ್ನು ಬದಲಿಸಿದರು. ವಸ್ತು ಎಲ್ಲಿದೆ ಎಂದು ಬರೆದಿಡುವ ಬದಲು, ಅದಕ್ಕೂ ಮುಂದಿನದಕ್ಕೂ ಎಷ್ಟು ಅಂತರ ಎಂದು ಬರೆದಿಟ್ಟರು. ಸಾಲು ಒಟ್ಟಾಗಿ ಚಲಿಸುವಾಗ ನಡುವಿನ ಅಂತರ ಬದಲಾಗುವುದಿಲ್ಲ. ಮುಂದಿನ ತುದಿಯ ಒಂದು ಸಂಖ್ಯೆ ತಿದ್ದಿದರೆ ಸಾವಿರ ವಸ್ತು ಸರಿದ ಹಾಗೆ. ಇಡೀ ಆಟದಲ್ಲಿ ನನಗೆ ಅತ್ಯಂತ ಚೆಲುವಾಗಿ ಕಂಡ ವಿನ್ಯಾಸ ಇದು, ತೆರೆಯ ಮೇಲೆ ಎಲ್ಲೂ ಕಾಣುವುದಿಲ್ಲವಾದರೂ.

ಆಮೇಲೆ ಈ ಬಗೆಯ ಆಟಗಳು ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದವು. ಸ್ವೀಡನ್ನಿನ ಕಾಫಿ ಸ್ಟೇನ್ ಸಂಸ್ಥೆಯ ‘ಸ್ಯಾಟಿಸ್‌ಫ್ಯಾಕ್ಟರಿ’ 2019ರಲ್ಲಿ ಬಂದು, 2024ರ ಸೆಪ್ಟೆಂಬರಿನಲ್ಲಿ ಪೂರ್ತಿಯಾಯಿತು. ಚೀನಾದ ಚಾಂಗ್‌ಚಿಂಗ್‌ನ ಪುಟ್ಟ ತಂಡವೊಂದು 2021ರ ಜನವರಿಯಲ್ಲಿ ‘ಡೈಸನ್ ಸ್ಫಿಯರ್ ಪ್ರೋಗ್ರಾಂ’ ತಂದು ಲೈನನ್ನು ಗ್ರಹದಿಂದ ಗ್ರಹಕ್ಕೆ ಚಾಚಿತು. ಸ್ಯಾಟಿಸ್‌ಫ್ಯಾಕ್ಟರಿಯಲ್ಲಿ ಮೇಲಿಂದ ನಕ್ಷೆ ನೋಡಿದಂತೆ ಆಡುವುದಿಲ್ಲ, ಯಂತ್ರಗಳ ನಡುವೆ ನಡೆದಾಡುತ್ತ ಕಟ್ಟಬೇಕು. ಅಲ್ಲಿ ಬಲಪಡಿಸಿದ ತಗಡಿನ ಒಂದು ಯಂತ್ರಕ್ಕೆ ನಿಮಿಷಕ್ಕೆ 60 ಸ್ಕ್ರೂ ಬೇಕು. ಮೊದಲ ದರ್ಜೆಯ ಬೆಲ್ಟ್ ಸಾಗಿಸುವುದೇ ನಿಮಿಷಕ್ಕೆ 60. ಸ್ಕ್ರೂಗಳನ್ನು ದೂರದಿಂದ ತಂದರೆ ಒಂದು ಯಂತ್ರಕ್ಕೆ ಒಂದು ಬೆಲ್ಟ್ ಪೂರಾ ಹೋಯಿತು. ಅಷ್ಟು ಸ್ಕ್ರೂಗೆ ಬೇಕಾದ ರಾಡ್ ಬರೀ 15. ಆದ್ದರಿಂದ ರಾಡ್ ಸಾಗಿಸು, ಸ್ಕ್ರೂವನ್ನು ಬಳಸುವ ಜಾಗದಲ್ಲೇ ಮಾಡು ಎಂಬ ಪಾಠ ಆಟಗಾರನಿಗೆ ತಾನಾಗಿ ಹೊಳೆಯುತ್ತದೆ. ಇದು ನಿಜವಾದ ಲೇಔಟ್ ಪಾಠ.

ಈ ಆಟಗಳಿಂದ ನನಗೆ ಇನ್ನೂ ಒಂದು ಬೇಕು, ಅದಕ್ಕಾಗಿ ಹೆನ್ರಿ ಫೋರ್ಡನ ಹೈಲೆಂಡ್ ಪಾರ್ಕ್ ಕಾರ್ಖಾನೆಗೆ ಹೋಗಬೇಕು. 1913ರಲ್ಲಿ ಅಲ್ಲಿ ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊವನ್ನು ಜೋಡಿಸುವ ಕೆಲಸವನ್ನು ಸರಿಯುವ ಲೈನಿಗೆ ತಂದರು. ಮೊದಲು ಒಬ್ಬನೇ ಕೂತು ಒಂದನ್ನು ಜೋಡಿಸಲು ಸುಮಾರು 20 ನಿಮಿಷ. ಕೆಲಸವನ್ನು 29 ತುಂಡು ಮಾಡಿ ಹಂಚಿದಾಗ 13 ನಿಮಿಷ 10 ಸೆಕೆಂಡು. ಮರುವರ್ಷ ಲೈನನ್ನು 8 ಅಂಗುಲ ಎತ್ತರಿಸಿದರು, ಅಷ್ಟೇ. 7 ನಿಮಿಷಕ್ಕೆ ಇಳಿಯಿತು. ಆಮೇಲೆ ವೇಗವನ್ನು ತಿದ್ದಿ 5 ನಿಮಿಷ ಮಾಡಿದರು. ಎಂಟಂಗುಲದಿಂದ ಬಂದ ಆ ಲಾಭ ಬಗ್ಗಿ ಬಗ್ಗಿ ನೊಂದಿದ್ದ ಬೆನ್ನುಗಳಿಗೆ ಸಿಕ್ಕಿದ ಬಿಡುವಿನದು. ಅದೇ ಕಾರ್ಖಾನೆಯಲ್ಲಿ 1913ರಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇ. 370 ಮುಟ್ಟಿತ್ತು. ಲೈನಿನ ಮುಂದೆ ಜನ ನಿಲ್ಲುತ್ತಿರಲಿಲ್ಲ. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಕೂಲಿ, 9 ಗಂಟೆಯ ಬದಲು 8 ಗಂಟೆಯ ಪಾಳಿ ಎಂದು ಫೋರ್ಡ್ ಸಾರಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ.

ನಾನು ಆಡಿದ ಯಾವ ಆಟದಲ್ಲೂ ಈ ಎಂಟಂಗುಲಕ್ಕೆ ಜಾಗವಿಲ್ಲ. ಇನ್ಸರ್ಟರಿಗೆ ಬೆನ್ನಿಲ್ಲ, ಅದು ಪಾಳಿಯ ಕೊನೆಯಲ್ಲಿ ದಣಿಯುವುದಿಲ್ಲ. ಅನುಪಾತವನ್ನೂ ಬೆಲ್ಟನ್ನೂ ಇಷ್ಟು ನಿಷ್ಠೆಯಿಂದ ಕಟ್ಟಿಕೊಟ್ಟವರು ಮೇಜಿನ ಎತ್ತರವನ್ನೂ ಒಂದು ಸಂಖ್ಯೆಯಾಗಿ ಆಟಕ್ಕೆ ತಂದರೆ, ಆ ಆಟವನ್ನು ನಾನೇ ಕೊಂಡು ನಮ್ಮ ಟ್ರೈನಿ ಹುಡುಗರ ಕಂಪ್ಯೂಟರುಗಳಿಗೆಲ್ಲ ಹಾಕಿಸುತ್ತೇನೆ.