ರವಿವರ್ಮನ ಮೊದಲ ಸಂಭಾವನೆ

ಹಣ ಕೊಟ್ಟು ತನ್ನ ಭಾವಚಿತ್ರವನ್ನು ಬರೆಯಿಸಿಕೊಳ್ಳುವುದೂ ಆ ಹಣವನ್ನು ಚಿತ್ರಕಾರನು ಸಂಕೋಚವಿಲ್ಲದೆ ಪಡೆಯುವುದೂ ಇಂದು ಸಹಜವೆನಿಸುತ್ತವೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅರಸುಮನೆತನದ ನಂಟುಳ್ಳವನೊಬ್ಬನು ಹೀಗೆ ಕೈನೀಡುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ರಾಜಾ ರವಿವರ್ಮನು 1870ರಲ್ಲಿ ಸ್ವೀಕರಿಸಿದ ಮೊದಲ ಸಂಭಾವನೆಗೆ ಈ ಕಾರಣದಿಂದಲೇ ಚಾರಿತ್ರಿಕ ಮಹತ್ತ್ವವುಂಟು.

1848ರಲ್ಲಿ ಕಿಳಿಮಾನೂರಿನಲ್ಲಿ ಜನಿಸಿದ ರವಿವರ್ಮನಿಗೆ ಚಿತ್ರಕಲೆಯ ಮೊದಲ ಪಾಠ ಸೋದರಮಾವನಿಂದ ದೊರೆಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ತಿರುವನಂತಪುರದ ಆಸ್ಥಾನವನ್ನು ಸೇರಿದನು. 1866ರಲ್ಲಿ ರಾಜಮನೆತನಕ್ಕೆ ಸಮೀಪದ ಕನ್ಯೆಯೊಡನೆ ಅವನ ವಿವಾಹವಾಯಿತು. ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯವಿದ್ದರೂ ತೈಲವರ್ಣದ ವಿದ್ಯೆ ಅವನಿಗೆ ಸುಲಭವಾಗಿ ಒಲಿಯಲಿಲ್ಲ. ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರನು ಅದನ್ನು ಕಲಿಸಲು ಒಪ್ಪಲಿಲ್ಲ. 1868ರಲ್ಲಿ ಮಹಾರಾಜರ ಭಾವಚಿತ್ರವನ್ನು ರಚಿಸಲು ಬಂದ ಥಿಯೋಡೋರ್ ಜೆನ್ಸನ್ ಎಂಬ ಪಾಶ್ಚಾತ್ಯ ಕಲಾವಿದನೂ ಪಾಠ ಹೇಳಲಿಲ್ಲ. ತಾನು ಬರೆಯುವುದನ್ನು ನೋಡಲು ಮಾತ್ರ ಅನುಮತಿಯಿತ್ತನು. ಪರರು ಬರೆಯಿಸಿದ ಭಾವಚಿತ್ರವೇ ಹೀಗೆ ರವಿವರ್ಮನಿಗೆ ಪಾಠಶಾಲೆಯಾಯಿತು.

1870ರಲ್ಲಿ ಅವನು ಇಂದಿನ ಉಡುಪಿ ಜಿಲ್ಲೆಯ ಕೊಲ್ಲೂರಿಗೆ ಯಾತ್ರೆ ಹೊರಟು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತವನ್ನು ಆಚರಿಸಿದನು. ಮರಳುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧೀಶ ಕಿಳಕ್ಕೆ ಪಾಲಾಟ್ ಕೃಷ್ಣ ಮೇನೋನ್ ಅವರು ತಮ್ಮ ಕುಟುಂಬದ ಚಿತ್ರವನ್ನು ಬರೆದುಕೊಡುವಂತೆ ಕೇಳಿಕೊಂಡರು. ಹಣಕ್ಕಾಗಿ ಅವನು ಒಪ್ಪಿಕೊಂಡ ಮೊದಲ ಚಿತ್ರ ಇದೇ.

ಅರಸನು ಕಲಾವಿದನಿಗೆ ಕೊಡುವುದು ಬಹುಮಾನ. ಗೃಹಸ್ಥನು ಕೊಡುವುದು ದುಡಿಮೆಯ ಬೆಲೆ. ಬಹುಮಾನ ಒಡೆಯನ ಪ್ರಸನ್ನತೆಯನ್ನು ಅವಲಂಬಿಸುತ್ತದೆ. ಬೆಲೆಯಾದರೋ ಕೆಲಸ ಮಾಡಿದವನ ಹಕ್ಕು. ಆ ಹಕ್ಕಿಗೆ ತಕ್ಕ ಹೊಣೆಯೂ ಇದೆ. ಚಿತ್ರ ಬರೆಯಿಸುವವನು ತನ್ನ ರೂಪದ ಹೋಲಿಕೆಯನ್ನು ಬಯಸುವಂತೆ ಗಾಂಭೀರ್ಯವನ್ನೂ ಬಯಸುತ್ತಾನೆ. ಹೋಲಿಕೆ ತಪ್ಪಿದರೆ ಮನೆಯವರೇ ಒಪ್ಪರು. ಇದ್ದುದೆಲ್ಲವನ್ನೂ ಇದ್ದಂತೆಯೇ ತೋರಿಸಿದರೆ ಬರೆಯಿಸಿದವನು ಮುನಿದಾನು. ತೈಲವರ್ಣವು ನಿಧಾನವಾಗಿ ಒಣಗುವುದರಿಂದ ಮುಖದ ಮೇಲಣ ನೆರಳು ಬೆಳಕುಗಳನ್ನು ಮೆಲ್ಲಮೆಲ್ಲನೆ ಬೆಸೆಯಲು, ತಪ್ಪನ್ನು ತಿದ್ದಲು ಅವಕಾಶವಿರುತ್ತದೆ. ಸತ್ಯಕ್ಕೂ ದಾಕ್ಷಿಣ್ಯಕ್ಕೂ ನಡುವಣ ಇಕ್ಕಟ್ಟಿನ ದಾರಿಯಲ್ಲಿ ಭಾವಚಿತ್ರಕಾರನು ಸಾಗಬೇಕಾದುದು ಈ ಅವಕಾಶದ ಬಲದಿಂದಲೇ.

ಆಶ್ರಯ ಎಷ್ಟು ಅಸ್ಥಿರವೆಂಬುದು ಹತ್ತು ವರ್ಷಗಳಲ್ಲಿಯೇ ತಿಳಿದುಬಂದಿತು. 1880ರಲ್ಲಿ ಆಯಿಲ್ಯಂ ತಿರುನಾಳರು ತೀರಿಕೊಂಡರು; ಬಳಿಕ ಪಟ್ಟಕ್ಕೆ ಬಂದ ವಿಶಾಖಂ ತಿರುನಾಳರಿಗೆ ರವಿವರ್ಮನಲ್ಲಿ ಪ್ರಸನ್ನತೆಯಿರಲಿಲ್ಲ. ಆದರೂ ಅವನ ಕುಂಚ ನಿಲ್ಲಲಿಲ್ಲ. ಬರೋಡೆಯ ಸಯಾಜಿರಾವ್ ಗಾಯಕವಾಡರ ಆಸ್ಥಾನದಿಂದ ಕರೆ ಬಂದಿತು. 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ರಾಜಮನೆತನದ ಭಾವಚಿತ್ರಗಳಿಗಾಗಿ ಅವನನ್ನು ಆಹ್ವಾನಿಸಿದರು. ಒಬ್ಬ ಅರಸನ ಮುನಿಸಿನಿಂದ ಬಾಡದಂತೆ ಅವನ ಕಲೆಯನ್ನು ಕಾಪಾಡಿದುದು ಕಲ್ಲಿಕೋಟೆಯಲ್ಲಿ ಹಿಡಿದ ವೃತ್ತಿಮಾರ್ಗವೇ ಸರಿ.

1894ರಲ್ಲಿ ಅವನು ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ಸ್ಥಾಪಿಸಿದನು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ಕನ್ನಡ ನಾಡಿನ ಮನೆಗಳನ್ನೂ ತಲುಪಿದವು. ಆ ದೇವಿಯರ ಮುಖಗಳು ನಮಗೆ ಪರಿಚಿತರ ಮುಖಗಳಂತೆ ತೋರುವುದು ಆಕಸ್ಮಿಕವಲ್ಲ. ಎದುರಿಗೆ ಕುಳಿತ ಮನುಷ್ಯರನ್ನು ವರ್ಷಾನುಗಟ್ಟಲೆ ನೋಡಿ ಬರೆದ ಕೈ ಅದು. 1906ರಲ್ಲಿ ರವಿವರ್ಮನು ನಿಧನನಾದನು. ಕಲೆಗೆ ಬೆಲೆ ಪಡೆದರೆ ಕಲೆ ಕುಗ್ಗುವುದೆಂಬ ಶಂಕೆಗೆ ಅವನು ಮಾತಿನಿಂದಲ್ಲ, ಬಾಳಿನಿಂದ ಉತ್ತರವಿತ್ತನು.