ವಿಡಿಯೊ ಯಾಕೆ ಪ್ಲೇ ಆಗುವುದಿಲ್ಲ? ಕೋಡೆಕ್, ಪೇಟೆಂಟ್, ಓಪನ್ ಸೋರ್ಸ್ ಬಗ್ಗೆ ತಿಳಿದಿರಬೇಕಾದದ್ದು

ಗಲ್ಫಿನಲ್ಲಿರುವ ಮಗ ಐಫೋನಿನಲ್ಲಿ ತೆಗೆದು ಕಳಿಸಿದ ವಿಡಿಯೊ ಊರಿನಲ್ಲಿ ಉಮ್ಮನ ಹಳೆಯ ಫೋನಿನಲ್ಲಿ ತೆರೆಯುವುದಿಲ್ಲ. ಪೆನ್‌ಡ್ರೈವ್ ಟಿವಿಗೆ ಹಾಕಿದರೆ ಚಿತ್ರ ಬರುತ್ತದೆ, ಸೌಂಡ್ ಇಲ್ಲ. ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿದ ಫೈಲ್ ಶಾಲೆಯ ಲ್ಯಾಪ್‌ಟಾಪಿನಲ್ಲಿ ಕಪ್ಪು ಪರದೆ ತೋರಿಸುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ‘ಫೈಲ್ ಹಾಳಾಗಿದೆ’ ಅಂತ ತೀರ್ಮಾನ ಮಾಡಿ ಡಿಲೀಟ್ ಮಾಡಿಬಿಡುತ್ತಾರೆ. ಇಲ್ಲವೇ ಅಂಗಡಿಗೆ ಕೊಟ್ಟು ‘ರಿಪೇರಿ’ಗೆ ದುಡ್ಡು ಕೊಡುತ್ತಾರೆ. ನಿಜವಾಗಿ ಫೈಲಿಗೆ ಏನೂ ಆಗಿರುವುದಿಲ್ಲ. ಆ ಫೋನಿಗೋ ಟಿವಿಗೋ ಅದನ್ನು ಬಿಚ್ಚಿ ಓದುವ ವಿದ್ಯೆ ಗೊತ್ತಿಲ್ಲ, ಅಷ್ಟೇ. ಆ ವಿದ್ಯೆಯ ಹೆಸರೇ ಕೋಡೆಕ್. ಅದು ಕೆಲವರ ಹತ್ತಿರ ಇದ್ದು ಕೆಲವರ ಹತ್ತಿರ ಇಲ್ಲದಿರುವುದಕ್ಕೆ ತಾಂತ್ರಿಕ ಕಾರಣ ಅರ್ಧ, ವ್ಯಾಪಾರದ ಕಾರಣ ಇನ್ನರ್ಧ.

ಕೋಡೆಕ್ ಎಂದರೇನು?

ಮೊದಲು ಒಂದು ಲೆಕ್ಕ ನೋಡಿ. ಫುಲ್ ಎಚ್‌ಡಿ ಚಿತ್ರ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಒಂದೊಂದು ಚುಕ್ಕೆಯ ಬಣ್ಣಕ್ಕೆ 3 ಬೈಟ್. ಸೆಕೆಂಡಿಗೆ 25 ಚಿತ್ರ. ಇದನ್ನು ಹಾಗೆಯೇ ಬರೆದಿಟ್ಟರೆ ಒಂದು ಸೆಕೆಂಡಿಗೆ ಸುಮಾರು 155 ಎಂಬಿ, ಒಂದು ನಿಮಿಷಕ್ಕೆ 9 ಜಿಬಿ ದಾಟುತ್ತದೆ. ಒಂದು ಗಂಟೆಯ ಕಾರ್ಯಕ್ರಮಕ್ಕೆ 550 ಜಿಬಿ ಕೂಡ ಸಾಲದು. ಅದೇ ವಿಡಿಯೊ ಒಳ್ಳೆಯ ಕೋಡೆಕ್‌ನಲ್ಲಿ ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಕುಗ್ಗಿಸಿದರೆ ನಿಮಿಷಕ್ಕೆ 60 ಎಂಬಿಯಲ್ಲಿ ಮುಗಿಯುತ್ತದೆ.

ಇದು ಹೇಗೆ ಸಾಧ್ಯ? ಮದುವೆ ಹಾಲಿನ ಸ್ಟೇಜ್ ನೆನಪಿಸಿಕೊಳ್ಳಿ. ಹಿಂದಿನ ಅಲಂಕಾರ ಅಲುಗಾಡುವುದಿಲ್ಲ, ಮುಂದಿರುವ ಜನ ಮಾತ್ರ ಅತ್ತಿತ್ತ ಹೋಗುತ್ತಾರೆ. ಕೋಡೆಕ್ ಆಗಾಗ ಒಂದು ಪೂರ್ತಿ ಚಿತ್ರ ಬರೆದಿಟ್ಟು, ನಡುವಿನ ಚಿತ್ರಗಳಲ್ಲಿ ಏನು ಬದಲಾಯಿತು, ಯಾವ ಭಾಗ ಎಲ್ಲಿಗೆ ಸರಿಯಿತು ಎಂಬುದನ್ನು ಮಾತ್ರ ಬರೆಯುತ್ತದೆ. ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಟ್ಟುಬಿಡುತ್ತದೆ. ಹೀಗೆ ಮಡಚುವವನು ಎನ್‌ಕೋಡರ್, ಬಿಚ್ಚುವವನು ಡಿಕೋಡರ್. ಎರಡೂ ಸೇರಿ ಕೋಡೆಕ್.

ಗೋಣಿ ಬೇರೆ, ಅಕ್ಕಿ ಬೇರೆ

ದೊಡ್ಡ ಗೊಂದಲ ಇರುವುದು ಇಲ್ಲಿ. ‘ನನ್ನ ಫೋನಿನಲ್ಲಿ ಎಂಪಿ4 ಓಡುತ್ತೆ, ಈ ಎಂಪಿ4 ಮಾತ್ರ ಯಾಕೆ ಓಡಲ್ಲ?’ ಅಂತ ಕೇಳುವವರು ತುಂಬ ಜನ. ಎಂಪಿ4 ಎಂಬುದು ಕೋಡೆಕ್ ಅಲ್ಲ, ಕಂಟೇನರ್. ಅಂದರೆ ಗೋಣಿಚೀಲ. ಒಂದೇ ತರದ ಗೋಣಿಯಲ್ಲಿ ಕುಚ್ಚಲಕ್ಕಿಯೂ ಇರಬಹುದು, ಬೆಳ್ತಿಗೆಯೂ ಇರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಎಂಪಿ4, ಎಂಕೆವಿ, ಎವಿಐ, ಮೂವ್, ವೆಬ್‌ಎಂ ಇವೆಲ್ಲ ಗೋಣಿಗಳು. ಎಚ್.264, ಎಚ್.265, ವಿಪಿ9, ಎವಿ1 ಇವು ಒಳಗಿನ ಅಕ್ಕಿ. ಧ್ವನಿಗೆ ಬೇರೆಯೇ ಕೋಡೆಕ್ ಇರುತ್ತದೆ: ಎಎಸಿ, ಎಂಪಿ3, ಓಪಸ್, ಎಸಿ3, ಡಿಟಿಎಸ್. ಚಿತ್ರ ಬಂದು ಸೌಂಡ್ ಬಾರದಿದ್ದರೆ ಚಿತ್ರದ ಕೋಡೆಕ್ ಉಂಟು, ಧ್ವನಿಯದ್ದು ಇಲ್ಲ ಎಂದರ್ಥ. ಫೈಲಿನ ಹೆಸರಿನ ಕೊನೆಯಲ್ಲಿ ಎಂಕೆವಿ ತೆಗೆದು ಎಂಪಿ4 ಅಂತ ಬರೆದರೆ ಏನೂ ಆಗುವುದಿಲ್ಲ. ಗೋಣಿಯ ಮೇಲಿನ ಲೇಬಲ್ ಬದಲಾಯಿಸಿದಂತೆ ಅಷ್ಟೇ.

ಓಪನ್ ಸೋರ್ಸ್ ಅಂದರೆ ಉಚಿತ ಅಂತಲ್ಲ

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಒಂದು, ಆ ಸಾಫ್ಟ್‌ವೇರಿನ ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದೇ, ತಿದ್ದಬಹುದೇ? ಎರಡು, ಆ ಕೋಡೆಕ್‌ನ ವಿಧಾನಕ್ಕೆ ಪೇಟೆಂಟ್ ಇದೆಯೇ, ರಾಯಲ್ಟಿ ಕೊಡಬೇಕೇ? ಎರಡಕ್ಕೂ ಒಂದೇ ಉತ್ತರ ಇರಬೇಕೆಂದಿಲ್ಲ.

ಎಚ್.264 ಉದಾಹರಣೆಗೆ ತೆಗೆದುಕೊಳ್ಳಿ. ಇದನ್ನು ಬರೆಯಲು ಎಕ್ಸ್264 ಎಂಬ ಓಪನ್ ಸೋರ್ಸ್ ಎನ್‌ಕೋಡರ್ ಇದೆ. ಕೋಡ್ ಎಲ್ಲರಿಗೂ ತೆರೆದದ್ದು. ಆದರೆ ಎಚ್.264 ವಿಧಾನದ ಮೇಲೆ ಹಲವು ಕಂಪೆನಿಗಳ ಪೇಟೆಂಟ್ ಇದೆ. ಅಂದರೆ ಅಡುಗೆ ಮಾಡುವ ಪಾತ್ರೆ ನಿಮ್ಮದು, ರೆಸಿಪಿಯ ಹಕ್ಕು ಇನ್ನೊಬ್ಬರದ್ದು. ಇದಕ್ಕೆ ತಿರುಗಾಗಿ ಎವಿ1 ಕೋಡೆಕ್‌ಗೆ ರಾಯಲ್ಟಿ ಬೇಡವೆಂದು ಅದನ್ನು ಮಾಡಿದವರೇ ಹೇಳಿದ್ದಾರೆ. ಅದನ್ನು ಮುಚ್ಚಿದ ಕೋಡ್‌ನ ಖಾಸಗಿ ಪ್ಲೇಯರ್‌ಗಳೂ ಧಾರಾಳವಾಗಿ ಬಳಸುತ್ತವೆ.

ಮುಖ್ಯ ಕೋಡೆಕ್‌ಗಳು

ಎಂಪಿಇಜಿ-1 ಮತ್ತು ಎಂಪಿಇಜಿ-2: ವಿಸಿಡಿ ಮತ್ತು ಡಿವಿಡಿ ಕಾಲದವು. ವಿಸಿಡಿಯ ಚಿತ್ರ ಕೇವಲ 352×288, ಡಿವಿಡಿಯದ್ದು 720×576. ಎಂಪಿಇಜಿ-2ರ ಅಮೆರಿಕದ ಪೇಟೆಂಟ್‌ಗಳ ಅವಧಿ 2018ರಲ್ಲಿ ಮುಗಿದಿದೆ.

ಎಚ್.264: 2003ರಲ್ಲಿ ಬಂದದ್ದು. ಎವಿಸಿ ಅಂತಲೂ ಹೆಸರು. ಇವತ್ತಿಗೂ ಅತಿ ಹೆಚ್ಚು ಕಡೆ ಓಡುವ ಕೋಡೆಕ್ ಇದೇ. ಪೇಟೆಂಟ್ ಇದೆ, ಆದರೆ ಒಂದೊಂದಾಗಿ ಅವಧಿ ಮುಗಿಯುತ್ತಾ ಬರುತ್ತಿದೆ.

ಎಚ್.265: 2013ರದ್ದು. ಎಚ್‌ಇವಿಸಿ ಅಂತಲೂ ಕರೆಯುತ್ತಾರೆ. ಅದೇ ಗುಣಮಟ್ಟಕ್ಕೆ ಎಚ್.264ರ ಸುಮಾರು ಅರ್ಧ ಜಾಗ ಸಾಕು. 2017ರ ಐಓಎಸ್ 11ರಿಂದ ಹೊಸ ಐಫೋನ್‌ಗಳು ಇದರಲ್ಲೇ ರೆಕಾರ್ಡ್ ಮಾಡುತ್ತವೆ. ಆದರೆ ರಾಯಲ್ಟಿಯ ತಕರಾರು ಜಾಸ್ತಿ.

ವಿಪಿ8, ವಿಪಿ9: ಆನ್2 ಎಂಬ ಕಂಪೆನಿಯನ್ನು ಗೂಗಲ್ 2010ರಲ್ಲಿ ಕೊಂಡು, ಅದರ ವಿಪಿ8 ಅನ್ನು ಓಪನ್ ಮಾಡಿತು. 2013ರಲ್ಲಿ ವಿಪಿ9 ಬಂತು. ಯೂಟ್ಯೂಬ್ ಇದನ್ನು ತುಂಬ ಬಳಸುತ್ತದೆ.

ಎವಿ1: ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್, ಅಮೆಜಾನ್, ಇಂಟೆಲ್, ಸಿಸ್ಕೊ ಸೇರಿ 2015ರಲ್ಲಿ ಅಲಯನ್ಸ್ ಫಾರ್ ಓಪನ್ ಮೀಡಿಯಾ ಕಟ್ಟಿದವು. 2018ರ ಮಾರ್ಚ್‌ನಲ್ಲಿ ಎವಿ1 ಬಿಡುಗಡೆಯಾಯಿತು. ಫೈಲ್ ಎಚ್.265ಕ್ಕಿಂತಲೂ ಚಿಕ್ಕದಾಗುತ್ತದೆ, ಆದರೆ ಮಡಚಲು ಹೆಚ್ಚು ಹೊತ್ತು ಬೇಕು. ಹಳೆಯ ಫೋನ್‌ಗಳ ಚಿಪ್‌ನಲ್ಲಿ ಇದನ್ನು ಬಿಚ್ಚುವ ವ್ಯವಸ್ಥೆ ಇಲ್ಲ. ಐಫೋನಿಗೆ ಬಂದದ್ದೇ 2023ರ 15 ಪ್ರೊದಲ್ಲಿ.

ಓಪಸ್: ಧ್ವನಿಯ ಓಪನ್ ಕೋಡೆಕ್, 2012ರದ್ದು. ನೀವು ದಿನಾ ಕಳಿಸುವ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಇರುವುದು ಇದರಲ್ಲೇ.

ದುಡ್ಡು ಕೊಡುವವರು ಯಾರು?

ವ್ಯಾಪಾರಸ್ಥನ ಕಣ್ಣಿನಿಂದ ನೋಡಿದರೆ ಇಡೀ ಕತೆ ಇಲ್ಲೇ ಇರುವುದು. ಎಚ್.264ಕ್ಕೆ ಹಲವು ಪೇಟೆಂಟ್‌ದಾರರ ಪರವಾಗಿ ಎಂಪಿಇಜಿ ಎಲ್‌ಎ ಎಂಬ ಸಂಸ್ಥೆ ರಾಯಲ್ಟಿ ವಸೂಲು ಮಾಡುತ್ತಿತ್ತು. ವರ್ಷಕ್ಕೆ ಮೊದಲ 1 ಲಕ್ಷ ಘಟಕಗಳಿಗೆ ಏನೂ ಇಲ್ಲ, ಅದರ ಮೇಲೆ 50 ಲಕ್ಷದವರೆಗೆ ಒಂದಕ್ಕೆ 20 ಸೆಂಟ್, ಮತ್ತೂ ಹೆಚ್ಚಾದರೆ 10 ಸೆಂಟ್. ನೋಡುಗರಿಂದ ದುಡ್ಡು ತೆಗೆದುಕೊಳ್ಳದ ಇಂಟರ್ನೆಟ್ ವಿಡಿಯೊಗೆ ರಾಯಲ್ಟಿ ಬೇಡ ಅಂತ 2010ರಲ್ಲಿ ಹೇಳಿತು. ಒಂದೇ ಕೌಂಟರ್, ಸ್ಪಷ್ಟ ದರ. ಆದ್ದರಿಂದ ಎಲ್ಲರೂ ಒಪ್ಪಿದರು.

ಎಚ್.265ರಲ್ಲಿ ಹಾಗಾಗಲಿಲ್ಲ. ಮೂರು ಬೇರೆ ಬೇರೆ ಗುಂಪುಗಳು ಕೌಂಟರ್ ತೆರೆದವು, ಯಾವ ಗುಂಪಿಗೂ ಸೇರದ ಕಂಪೆನಿಗಳು ಬೇರೆ. ಒಟ್ಟು ಎಷ್ಟು ಕೊಡಬೇಕು ಎಂಬುದೇ ಲೆಕ್ಕಕ್ಕೆ ಸಿಗದ ಮೇಲೆ ಹಲವರು ಹಿಂಜರಿದರು. ಕ್ರೋಮ್ ಬ್ರೌಸರಿಗೆ ಇದು ಬಂದದ್ದು 2022ರಲ್ಲಿ, ಅದೂ ಕಂಪ್ಯೂಟರಿನ ಚಿಪ್‌ನಲ್ಲಿ ಸೌಲಭ್ಯ ಇದ್ದರೆ ಮಾತ್ರ. ವಿಂಡೋಸಿನಲ್ಲಿ ಇದರ ಎಕ್ಸ್‌ಟೆನ್ಷನ್ ಅನ್ನು ಮೈಕ್ರೋಸಾಫ್ಟ್ ಸ್ಟೋರ್ ದುಡ್ಡಿಗೆ ಮಾರುತ್ತದೆ, ಅಮೆರಿಕದಲ್ಲಿ 99 ಸೆಂಟ್. ಎವಿ1 ಹುಟ್ಟಲು ದೊಡ್ಡ ಕಾರಣ ಈ ಗೊಂದಲವೇ. ಅದಕ್ಕೂ ಪೂರ್ತಿ ನೆಮ್ಮದಿ ಇಲ್ಲ. ಎವಿ1ರಲ್ಲೂ ನಮ್ಮವರ ಪೇಟೆಂಟ್ ಇದೆ ಅಂತ ಸಿಸ್ವೆಲ್ ಎಂಬ ಸಂಸ್ಥೆ ಹಕ್ಕು ಹೇಳಿದೆ.

ಸಣ್ಣವರಿಗೆ ಇದರ ಬಿಸಿ ಹೇಗೆ ತಟ್ಟುತ್ತದೆ ಎಂಬುದಕ್ಕೆ ರಾಸ್ಪ್‌ಬೆರಿ ಪೈ ಒಳ್ಳೆಯ ಉದಾಹರಣೆ. ಬೆಲೆ ಕಡಿಮೆ ಇಡಬೇಕೆಂದು ಆ ಪುಟ್ಟ ಕಂಪ್ಯೂಟರಿನಲ್ಲಿ ಎಂಪಿಇಜಿ-2 ಬಂದ್ ಮಾಡಿಟ್ಟಿದ್ದರು. ಬೇಕಾದವರು 2.40 ಪೌಂಡ್ ಕೊಟ್ಟು ಕೀಲಿ ತೆಗೆದುಕೊಳ್ಳಬೇಕಿತ್ತು. ಫೈರ್‌ಫಾಕ್ಸ್ ವಿಷಯದಲ್ಲಿ ಸಿಸ್ಕೊ ಒಂದು ದಾರಿ ಮಾಡಿತು. 2013ರಲ್ಲಿ ಓಪನ್ಎಚ್264 ಪ್ರಕಟಿಸಿ, ರಾಯಲ್ಟಿಯನ್ನು ತಾನೇ ಕಟ್ಟಿ ಎಲ್ಲರಿಗೂ ಉಚಿತವಾಗಿ ಹಂಚಿತು.

ನಮ್ಮ ದೇಶದಲ್ಲಿ? 1970ರ ಪೇಟೆಂಟ್ ಕಾಯ್ದೆಯ 3(ಕೆ) ವಿಧಿ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಎಂಬಷ್ಟಕ್ಕೇ ಪೇಟೆಂಟ್ ಸಿಗುವುದಿಲ್ಲ. ಹಾಗಂತ ಉಪಕರಣ ತಯಾರಕರು ಆರಾಮ ಅಂತ ತಿಳಿಯಬೇಡಿ. ಡಿವಿಡಿ ಪ್ಲೇಯರ್ ಜೋಡಿಸಿ ಮಾರುತ್ತಿದ್ದವರ ಮೇಲೆ ಫಿಲಿಪ್ಸ್ ಕಂಪೆನಿ ಹಾಕಿದ ಮೊಕದ್ದಮೆಯಲ್ಲಿ 2018ರ ಜುಲೈಯಲ್ಲಿ ದೆಹಲಿ ಹೈಕೋರ್ಟ್ ಪ್ಲೇಯರ್‌ಗೆ ಇಷ್ಟು ಅಂತ ರಾಯಲ್ಟಿ ಕೊಡಲು ಹೇಳಿತು. ಮನೆಯಲ್ಲಿ ಕೂತು ವಿಡಿಯೊ ನೋಡುವ ನಿಮ್ಮನ್ನು ಯಾರೂ ಕೇಳುವುದಿಲ್ಲ. ಖರ್ಚು ಉಪಕರಣದ ಬೆಲೆಯೊಳಗೆ ಸೇರಿ ಬರುತ್ತದೆ, ಅಥವಾ ಆ ಕೋಡೆಕ್ಕೇ ಬರುವುದಿಲ್ಲ.

ಶಾಲೆಯ ಲಿನಕ್ಸ್‌ನಲ್ಲಿ

ಕಾಸರಗೋಡು, ಮಂಜೇಶ್ವರ ಕಡೆಯ ಮಕ್ಕಳಿಗೆ ಇದು ಹತ್ತಿರದ ವಿಷಯ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಉಬುಂಟು ಆಧಾರದ ಕೈಟ್ ಗ್ನೂ ಲಿನಕ್ಸ್‌ನಲ್ಲಿ. ಕನ್ನಡ ಮಾಧ್ಯಮದವರೂ ಕಲಿಯುವುದು ಅದರಲ್ಲೇ. ಲಿನಕ್ಸ್ ಹಂಚುವವರು ನಕಲಿಗೆ ಇಷ್ಟು ಅಂತ ರಾಯಲ್ಟಿ ಕಟ್ಟುವ ಸ್ಥಿತಿಯಲ್ಲಿ ಇರುವುದಿಲ್ಲ. ಹಾಗಾಗಿ ಉಬುಂಟು ಹಾಕಿಕೊಳ್ಳುವಾಗ ಹೆಚ್ಚುವರಿ ಮೀಡಿಯಾ ಫಾರ್ಮ್ಯಾಟ್ ಬೇಕೇ ಅಂತ ಬೇರೆಯಾಗಿ ಕೇಳುತ್ತದೆ, ಅಲ್ಲಿ ಟಿಕ್ ಹಾಕಬೇಕು. ಫೆಡೋರಾ 2022ರಲ್ಲಿ ಎಚ್.264, ಎಚ್.265 ಎರಡಕ್ಕೂ ಗ್ರಾಫಿಕ್ಸ್ ಚಿಪ್‌ನ ಸಹಾಯವನ್ನೇ ತನ್ನ ಪ್ಯಾಕೇಜಿನಿಂದ ತೆಗೆಯಿತು.

ವಿಎಲ್‌ಸಿ ಎಲ್ಲವನ್ನೂ ಹೇಗೆ ಓಡಿಸುತ್ತದೆ?

ವಿಎಲ್‌ಸಿ 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಕಾಲೇಜಿನ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾಯಿತು. 2001ರಲ್ಲಿ ಓಪನ್ ಸೋರ್ಸ್ ಆಯಿತು. ಬೇರೆ ಪ್ಲೇಯರ್‌ಗಳು ಸಿಸ್ಟಮ್ ಕೊಟ್ಟ ಕೋಡೆಕ್ ನಂಬಿಕೊಂಡಿದ್ದರೆ ಇದು ತನ್ನ ಕೋಡೆಕ್‌ಗಳನ್ನು ತಾನೇ ಹೊತ್ತುಕೊಂಡು ಬರುತ್ತದೆ. ಅದರೊಳಗೆ ಕೆಲಸ ಮಾಡುವುದು ಮುಖ್ಯವಾಗಿ ಎಫ್‌ಎಫ್‌ಎಂಪೆಗ್. ಅದನ್ನು 2000ದಲ್ಲಿ ಶುರು ಮಾಡಿದವರು ಫಾಬ್ರಿಸ್ ಬೆಲ್ಲಾರ್. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದಕ್ಕೂ ವಿಎಲ್‌ಸಿ ಉಂಟು.

2022ರಲ್ಲಿ ಭಾರತದಲ್ಲಿ ಇದರ ವೆಬ್‌ಸೈಟ್ ಹಲವು ತಿಂಗಳು ಬಂದ್ ಆಗಿತ್ತು. ಕಾನೂನು ನೋಟಿಸ್ ಹೋದ ಮೇಲೆ ನವೆಂಬರ್‌ನಲ್ಲಿ ತಡೆ ತೆಗೆದರು. ಆಗ ಅಪರಿಚಿತ ಸೈಟ್‌ಗಳಿಂದ ಡೌನ್‌ಲೋಡ್ ಮಾಡುವುದು ಎಷ್ಟು ಅಪಾಯ ಎಂಬ ಪ್ರಶ್ನೆಯೂ ಎದ್ದಿತು. ಆ ಎಚ್ಚರಿಕೆ ಈಗಲೂ ಬೇಕು. ‘ಕೋಡೆಕ್ ಇಲ್ಲ, ಇಲ್ಲಿ ಒತ್ತಿ’ ಅಂತ ಬರುವ ಪಾಪ್‌ಅಪ್‌ಗಳನ್ನು ಮುಟ್ಟಲೇಬೇಡಿ. ವೈರಸ್ ಬರುವ ಹಳೆಯ ದಾರಿ ಅದು. ವಿಡಿಯೊಲ್ಯಾನ್‌ನ ಸ್ವಂತ ಸೈಟ್ ಅಥವಾ ಫೋನಿನ ಆ್ಯಪ್ ಸ್ಟೋರ್ ಮಾತ್ರ ಸಾಕು.

ಸಮಸ್ಯೆ ಮತ್ತು ಪರಿಹಾರ

ಯಾವ ಕೋಡೆಕ್ ಅಂತ ತಿಳಿಯಬೇಕೇ? ಕಂಪ್ಯೂಟರಿನ ವಿಎಲ್‌ಸಿಯಲ್ಲಿ ವಿಡಿಯೊ ತೆರೆದು ಕಂಟ್ರೋಲ್ ಮತ್ತು ಜೆ ಕೀ ಒಟ್ಟಿಗೆ ಒತ್ತಿ. ಚಿತ್ರ, ಧ್ವನಿ ಎರಡರ ಕೋಡೆಕ್ಕೂ ಕಾಣುತ್ತದೆ. ಅರ್ಧ ಸಮಸ್ಯೆ ಇಲ್ಲೇ ಬಿಡಿಸಿದ ಹಾಗೆ.

ಐಫೋನ್ ವಿಡಿಯೊ ಬೇರೆಯವರಿಗೆ ಓಡುತ್ತಿಲ್ಲವೇ? ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆಯ್ಕೆ ಮಾಡಿ. ಮುಂದೆ ತೆಗೆಯುವ ವಿಡಿಯೊಗಳು ಎಚ್.264ರಲ್ಲಿ ಬರುತ್ತವೆ. ಜಾಗ ಮಾತ್ರ ಹೆಚ್ಚು ಬೇಕು.

ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ: ಮಾಮೂಲಿ ವಿಡಿಯೊವಾಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಎಲ್ಲೆಡೆ ಓಡುತ್ತದೆ, ಆದರೆ ಕ್ವಾಲಿಟಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ, 2 ಜಿಬಿವರೆಗೆ. ಕಾಪಿ ಇಟ್ಟುಕೊಳ್ಳಲು ಎರಡನೆಯದು, ಬೇಗ ನೋಡಲು ಮೊದಲನೆಯದು.

ಸೌಂಡ್ ಇಲ್ಲವೇ? ಎಸಿ3, ಇಎಸಿ3, ಡಿಟಿಎಸ್ ಧ್ವನಿ ಇರುವ ಸಿನಿಮಾ ಫೈಲ್‌ಗಳಲ್ಲಿ ಇದು ಸಾಮಾನ್ಯ. ಎಂಎಕ್ಸ್ ಪ್ಲೇಯರ್ ಕೂಡ ಲೈಸೆನ್ಸ್ ಕಾರಣಕ್ಕೆ ಇವನ್ನು ತೆಗೆದುಹಾಕಿತ್ತು. ವಿಎಲ್‌ಸಿಯಲ್ಲಿ ತೆರೆದು ನೋಡಿ.

ಟಿವಿಯಲ್ಲಿ ಪೆನ್‌ಡ್ರೈವ್‌ಗೆ ಫೈಲ್ ಕಾಪಿಯೇ ಆಗುತ್ತಿಲ್ಲವೇ? ಇದು ಕೋಡೆಕ್ ದೋಷ ಅಲ್ಲ. ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ಓಡುತ್ತದೆ, ಆದರೆ ತಡೆತಡೆದು ಓಡಿ ಫೋನ್ ಬಿಸಿಯಾಗುತ್ತಿದೆಯೇ? ಚಿಪ್‌ನಲ್ಲಿ ಆ ಕೋಡೆಕ್‌ಗೆ ವ್ಯವಸ್ಥೆ ಇಲ್ಲದೆ ಸಾಫ್ಟ್‌ವೇರ್ ಒಂದೇ ಎಲ್ಲ ಕೆಲಸ ಮಾಡುತ್ತಿದೆ. ಎಚ್.264ಕ್ಕೆ ಬದಲಾಯಿಸುವುದೇ ದಾರಿ. ಅದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಸಾಕು, ದುಡ್ಡು ಬೇಡ. ಗೋಣಿ ಮಾತ್ರ ಬದಲಾಯಿಸುವುದಾದರೆ ಅವಿಡೆಮಕ್ಸ್‌ನಲ್ಲಿ ‘ಕಾಪಿ’ ಇಟ್ಟು ಸೇವ್ ಮಾಡಿ. ಬೇಗ ಮುಗಿಯುತ್ತದೆ, ಕ್ವಾಲಿಟಿಯೂ ಹೋಗುವುದಿಲ್ಲ.

ಮನೆಯ ಹಳೆಯ ಸಿಡಿಗಳು

ಎಲ್ಲಕ್ಕಿಂತ ಅರ್ಜೆಂಟ್ ಇರುವ ಕೆಲಸ ಇದು. ಎಷ್ಟೋ ಮನೆಗಳ ಕಪಾಟಿನಲ್ಲಿ ಮದುವೆಯ ವಿಸಿಡಿ, ಡಿವಿಡಿಗಳು ಉಂಟು. ಅದರಲ್ಲಿ ಈಗ ಇಲ್ಲದ ಅಜ್ಜ, ಅಜ್ಜಿಯರ ಮುಖ, ಮಾತು ಇದೆ. ಅದರ ಕೋಡೆಕ್ ಇನ್ನೂ ಎಷ್ಟೋ ವರ್ಷ ಓಡುತ್ತದೆ, ಯಾಕೆಂದರೆ ಓಪನ್ ಸೋರ್ಸ್ ಡಿಕೋಡರ್ ಇದೆ. ಆದರೆ ಬರೆದ ಡಿಸ್ಕ್ ಹಾಗಲ್ಲ. ಕರಾವಳಿಯ ಸೆಕೆ, ತೇವಕ್ಕೆ ಅದು ಹಾಳಾಗುತ್ತದೆ, ಡ್ರೈವ್ ಇರುವ ಕಂಪ್ಯೂಟರ್‌ಗಳೂ ಕಡಿಮೆಯಾಗುತ್ತಿವೆ.

ಡಿಸ್ಕ್‌ನೊಳಗಿನ ಫೈಲ್‌ಗಳನ್ನು ಮೊದಲು ಇದ್ದ ಹಾಗೆಯೇ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ನಂತರ ನೋಡಲು ಒಂದು ಎಚ್.264 ಎಂಪಿ4 ಮಾಡಿ ಮನೆಯವರಿಗೆಲ್ಲ ಹಂಚಿ. ಮೂಲವನ್ನು ಅಳಿಸಬೇಡಿ. ಒಮ್ಮೆ ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿದಾಗಲೆಲ್ಲ ಸ್ವಲ್ಪ ವಿವರ ಹೋಗುತ್ತದೆ, ಅದು ವಾಪಸ್ ಬರುವುದಿಲ್ಲ. ಎರಡು ಬೇರೆ ಜಾಗದಲ್ಲಿ ಕಾಪಿ ಇರಲಿ. ಒಂದು ಊರಿನಲ್ಲಿ, ಇನ್ನೊಂದು ಗಲ್ಫಿನಲ್ಲಿರುವವರ ಹತ್ತಿರ ಇದ್ದರೂ ಆಯಿತು.

ಇವತ್ತಿನ ಮಟ್ಟಿಗೆ ಲೆಕ್ಕ ಸರಳ. ಹಂಚಲು ಎಚ್.264 ಮತ್ತು ಎಎಸಿ ಇರುವ ಎಂಪಿ4. ಹೊಸ ಫೋನಿನಲ್ಲಿ ಜಾಗ ಉಳಿಸಲು ಎಚ್.265. ಇಂಟರ್ನೆಟ್‌ನಲ್ಲಿ ಮುಂದೆ ಹೆಚ್ಚು ಕಾಣಲಿರುವುದು ಎವಿ1. ನೋಡಲು ವಿಎಲ್‌ಸಿ, ಬದಲಾಯಿಸಲು ಹ್ಯಾಂಡ್‌ಬ್ರೇಕ್. ಎರಡೂ ಉಚಿತ. ‘ಹಾಳಾಗಿದೆ’ ಅಂತ ಯಾರಾದರೂ ಹೇಳಿದ ಫೈಲನ್ನು ಡಿಲೀಟ್ ಮಾಡುವ ಮೊದಲು ಒಮ್ಮೆ ಇವುಗಳಲ್ಲಿ ತೆರೆದು ನೋಡಿ.